ಮೂರು ಯಂತ್ರ, ಒಂದು ಸುಳ್ಳು

ಅಕ್ಟೋಬರ್ 7, ಸೋಮವಾರ

ಬೆಳಗ್ಗೆಯಿಂದ ಮೂರು ಎಂಆರ್‌ಐ. ಮೊದಲನೆಯವಳ ಕರುಳಲ್ಲಿ ಗಾಳಿ. ಚಿತ್ರ ಬಳುಕಿಹೋಯಿತು, ಮತ್ತೆ ಮಾಡಿದೆವು. ಎರಡನೆಯವಳು ಯಂತ್ರದ ಸದ್ದಿಗೆ ಹೆದರಿ ಗಂಟೆ ಒತ್ತಿದಳು. ಅಷ್ಟರಲ್ಲಿ ಚಹಾ ಆರಿ ಕೆನೆ ಕಟ್ಟಿತ್ತು. ಹಾಗೇ ಕುಡಿದೆ.

ಮೂರನೆಯವಳು ಅಕ್ತೋತಿ. ಉಷ್ತೋಬೆ ಪಟ್ಟಣದಾಚೆಯ ಹಳ್ಳಿ ಶಾಲೆಯಲ್ಲಿ ಪಿ.ಟಿ. ಟೀಚರ್. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ನಮ್ಮ ಅಧ್ಯಯನಕ್ಕೆ ಕೊನೆಯ ಹೆಂಗಸು. ಇವಳೊಬ್ಬಳು ಮುಗಿದರೆ ಸಂಖ್ಯೆ ತುಂಬುತ್ತದೆ. ಡಿಸೆಂಬರಿನಲ್ಲಿ ನನ್ನ ಪ್ರಬಂಧ ಮಂಡನೆ.

ಮೊದಲ ಪುಟವನ್ನು ಮಂತ್ರಿಗೂ ಅರ್ಥವಾಗುವ ಹಾಗೆ ಬರೆ ಅಂದಿದ್ದಾರೆ ಪ್ರೊಫೆಸರ್ ದೌರೆನ್ ಸಾಪಾರೊವಿಚ್. ಇಲ್ಲೇ ಬರೆದು ನೋಡುತ್ತೇನೆ. ಗರ್ಭಕಂಠದ ಗಡ್ಡೆಯ ಆಕಾರವನ್ನಷ್ಟೇ ಅಲ್ಲ, ಅದರ ನಡತೆಯನ್ನೂ ನೋಡುವ ಮೂರು ದಾರಿಗಳಿವೆ. ಪೆಟ್ ಸ್ಕ್ಯಾನ್ — ಗಡ್ಡೆ ಎಷ್ಟು ಸಕ್ಕರೆ ತಿನ್ನುತ್ತದೆ ಎಂದು ಹೇಳುತ್ತದೆ. ಎಂಆರ್‌ಐಯಲ್ಲಿ ಡಿಫ್ಯೂಷನ್ — ಒಳಗೆ ನೀರು ಎಷ್ಟು ಓಡಾಡಬಲ್ಲದು ಎಂದು. ಜೀವಕೋಶಗಳು ಒತ್ತೊತ್ತಾಗಿ ಬೆಳೆದ ಕಡೆ ನೀರು ನಿಂತುಬಿಡುತ್ತದೆ. ಅದೇ ಎಂಆರ್‌ಐಯಲ್ಲಿ ಪರ್ಫ್ಯೂಷನ್ — ರಕ್ತ ಎಲ್ಲಿಗೆ ನುಗ್ಗುತ್ತದೆ, ಎಲ್ಲಿಗೆ ಹೋಗುವುದೇ ಇಲ್ಲ ಎಂದು. ರಕ್ತ ಹೋಗದ ಕಡೆ ವಿಕಿರಣವೂ ಸರಿಯಾಗಿ ಕಚ್ಚುವುದಿಲ್ಲ. ಪೆಟ್ ಸರಿಯೆಂದು ಒಪ್ಪಿಕೊಂಡು ಹೋಲಿಸಿದರೆ ಉಳಿದೆರಡರಲ್ಲಿ ಯಾವುದು ಹೆಚ್ಚು ನಂಬಿಕಸ್ಥ? ಇದು ನನ್ನ ಪ್ರಬಂಧ.

ಚೆನ್ನಾಗಿದೆ. ಮಂತ್ರಿಗೆ ಅರ್ಥವಾಗುತ್ತದೆ. ಅಕ್ತೋತಿಗೆ ಮಾತ್ರ ಯಾರೂ ಹೇಳುವುದಿಲ್ಲ.

ಅವಳ ಗಂಡ, ಅತ್ತೆ ಕಾನಿಪಾ ಆಪಾ ನನ್ನ ಕೋಣೆಗೆ ಬಂದಿದ್ದರು. ಅವಳನ್ನು ಹೊರಗೆ ಬೆಂಚಿನಲ್ಲಿ ಕೂರಿಸಿ. ಆಪಾ ಬಾಗಿಲು ಸರಿಯಾಗಿ ಮುಚ್ಚಿದೆಯಾ ಎಂದು ಎರಡು ಸಲ ನೋಡಿದರು.

“ಆ ಹೆಸರು ಅವಳ ಕಿವಿಗೆ ಬೀಳಬಾರದು ಮಗಳೇ. ಉರಿಯೂತ ಅಂತ ಹೇಳಿದೀವಿ. ನೀವೂ ಹಾಗೇ ಅನ್ನಿ. ಹೆಸರು ಕೇಳಿದ್ರೆ ಅಲ್ಲೇ ಕುಸಿದು ಹೋಗ್ತಾಳೆ.”

ಗಂಡ ನೆಲ ನೋಡುತ್ತ ಅಂದ: “ಊರಲ್ಲಿ... ಆ ಜಾಗದ ಕಾಯಿಲೆ ಅಂದ್ರೆ ಜನ ಏನೇನೋ ಆಡ್ಕೋತಾರೆ.”

ಕ್ಯಾನ್ಸರ್ ಆಸ್ಪತ್ರೆ ಎಂಬ ಫಲಕ ಮುಂದಿನ ಗೇಟಿನಲ್ಲಿದೆ. ಅದಕ್ಕೇ ಅವಳನ್ನು ಹಿಂದಿನ ಗೇಟಿನಿಂದ, ಕಲ್ಲಿದ್ದಲ ರಾಶಿಯ ಪಕ್ಕದಿಂದ ಕರೆತರುತ್ತಾನಂತೆ.

ತಲೆಯಾಡಿಸಿದೆ. ನಾವೆಲ್ಲರೂ ಆಡಿಸುತ್ತೇವೆ. ನಮಗೆ ಕಲಿಸಿದವರೂ ಆಡಿಸಿದ್ದರು. ಕಾಯಿಲೆ ಹೆಂಗಸಿನದು, ಸುದ್ದಿ ಮನೆಯವರದು. ಅಧ್ಯಯನಕ್ಕೆ ಒಪ್ಪಿಗೆಯ ರುಜು ಕೂಡ ಗಂಡನೇ ಹಾಕಿದ.

ಯಂತ್ರದೊಳಗೆ ಹೋಗುವಾಗ ಅಕ್ತೋತಿ ಕೇಳಿದಳು, “ತಂಗಿ, ಏನು ಮಾಡ್ಬೇಕು ನಾನು?”

“ಅಲುಗಾಡದೆ ಮಲಗಿ ಅಕ್ಕ. ಹೇಳಿದಾಗ ಉಸಿರು ಹಿಡೀರಿ.”

“ಇಪ್ಪತ್ತು ವರ್ಷದಿಂದ ಇದೇ ಮಾತು ಮಕ್ಕಳಿಗೆ ಹೇಳ್ತಿದೀನಿ. ಒಬ್ಬನೂ ಕೇಳಿಲ್ಲ. ನಾನು ಕೇಳಿ ತೋರಿಸ್ತೀನಿ ನೋಡಿ.”

ಕೇಳಿದಳು. ಕಲ್ಲಿನ ಹಾಗೆ ಮಲಗಿದಳು. ಇಷ್ಟು ಸ್ವಚ್ಛ ಚಿತ್ರ ಈ ವರ್ಷ ಬಂದಿಲ್ಲ.

ಅಕ್ಟೋಬರ್ 8, ಮಂಗಳವಾರ. ಮಧ್ಯಾಹ್ನ

ಅಕ್ತೋತಿಯ ಪೆಟ್.

ಚಿತ್ರ ತೊಡೆಯಿಂದ ಶುರುವಾಗಿ ಮೇಲಕ್ಕೆ ಬರುತ್ತದೆ. ಮೂತ್ರಕೋಶ ತುಂಬುವ ಮೊದಲೇ ಕೆಳಭಾಗ ಮುಗಿಸಬೇಕು. ಇಲ್ಲವಾದರೆ ಮೂತ್ರದ ಹೊಳಪಿನಲ್ಲಿ ಗಡ್ಡೆ ಮುಳುಗಿಹೋಗುತ್ತದೆ.

ತೊಡೆಗಳು ಬಂದವು. ಹೊಳೆಯುತ್ತಿದ್ದವು, ಎರಡೂ. ಆಮೇಲೆ ಪೃಷ್ಠ, ಬೆನ್ನು, ಭುಜ. ಎದೆಯಲ್ಲಿ ಹೃದಯ ಕೆಂಡದ ಹಾಗೆ. ಕೈಗೆ ಚುಚ್ಚಿದ ಸಕ್ಕರೆಯನ್ನೆಲ್ಲ ಮಾಂಸಖಂಡಗಳೇ ನುಂಗಿದ್ದವು. ಗಡ್ಡೆಗೆ ಉಳಿದದ್ದು ಎಂಜಲು.

ಯಂತ್ರ ನಡೆಸುವ ತ್ಸೋಯ್ ಈ ಕಟ್ಟಡದಲ್ಲಿ ನನಗಿಂತ ಹಳಬ. ನನ್ನನ್ನು ಅಪ್ಪನ ಹೆಸರು ಹಿಡಿದೇ ಕರೆಯುತ್ತಾನೆ. ಕನ್ನಡಕ ಹಣೆಗೇರಿಸಿ ಕುರ್ಚಿ ತಿರುಗಿಸಿದ.

“ಬೆರಿಕೊವ್ನಾ, ಈಯಮ್ಮ ತಿಂದ್ಕೊಂಡು ಬಂದಿದಾರೆ.”

“ರಕ್ತದಲ್ಲಿ ಸಕ್ಕರೆ?”

“ಮಿತಿಯೊಳಗೇ ಇತ್ತು. ಅದಕ್ಕೇ ಚುಚ್ಚಿದ್ದು. ಏನಾದ್ರೂ ತಿಂದ್ರಾ ಅಂತ ಕೇಳ್ದೆ. ಇಲ್ಲ ಅಂದ್ರು. ಈ ತೊಡೆ ನೋಡಿ ನೀವೇ ಹೇಳಿ.”

ತಿಂದು ಬಂದವರ ಮೈಯಲ್ಲಿ ಸಕ್ಕರೆ ಮೊದಲು ಮಾಂಸಖಂಡಕ್ಕೇ ಹೋಗುತ್ತದೆ. ಹೇಳಬೇಕಾದದ್ದು ಗೊತ್ತಿತ್ತು. ಈ ಚಿತ್ರ ಬಿಸಾಡಬೇಕು, ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ ಮಾಡಬೇಕು. ಇನ್ನೊಮ್ಮೆ ಅಂದರೆ ಮತ್ತೆ ಸರದಿ. ಅಷ್ಟರಲ್ಲಿ ಚಿಕಿತ್ಸೆ ಶುರುವಾಗುತ್ತದೆ, ಅಧ್ಯಯನದಿಂದ ಅವಳು ಹೊರಗೆ, ನನ್ನ ಸಂಖ್ಯೆಯಲ್ಲಿ ಒಂದು ಕೊರತೆ, ಡಿಸೆಂಬರ್ ಹೋಗಿ ಬೇಸಿಗೆ.

“ಪಿ.ಟಿ. ಟೀಚರ್. ನಿನ್ನೆ ಓಡಿರಬಹುದು,” ಅಂದೆ.

“ಹೃದಯಾನೂ ಓಡಿತಾ?” ಅಂದ ತ್ಸೋಯ್.

ನಕ್ಕೆ. ‘ಚಿತ್ರದ ಗುಣಮಟ್ಟ: ತೃಪ್ತಿಕರ’ ಎಂದು ಬರೆದೆ. ಸಕ್ಕರೆ ತಿನ್ನುವ ಗಂಟುಗಳು ಸೊಂಟದಿಂದ ಮೇಲೆ ಎಲ್ಲೂ ಕಂಡುಬಂದಿಲ್ಲ ಎಂದೂ ಬರೆದೆ. ಎರಡನೆಯ ವಾಕ್ಯ ನಿಜ. ಕಂಡುಬಂದಿಲ್ಲ. ಕಣ್ಣು ಕಟ್ಟಿಕೊಂಡವಳಿಗೂ ಏನೂ ಕಂಡುಬರುವುದಿಲ್ಲ.

ಅಕ್ಟೋಬರ್ 10, ಗುರುವಾರ

ಎಂಆರ್‌ಐ ಓದುವಾಗ ಹೆಸರು ಮುಚ್ಚಿರಬೇಕು, ಪೆಟ್ ವರದಿ ನೋಡಿರಬಾರದು. ಒಂದು ಯಂತ್ರದ ಮಾತು ಇನ್ನೊಂದರ ಕಿವಿಗೆ ಬೀಳಬಾರದು. ಹೋಲಿಕೆಯ ನಿಯಮ.

ಇವತ್ತಿನ ಐದರಲ್ಲಿ ನಾಲ್ಕನೆಯದು. ಗರ್ಭಕಂಠದಲ್ಲಿ ದೊಡ್ಡ ಗಡ್ಡೆ. ಪರ್ಫ್ಯೂಷನ್ ಚಿತ್ರದಲ್ಲಿ ಅದರ ನಡುವೆ ರಕ್ತವಿಲ್ಲದ ಕಪ್ಪು ಕೊಳ. ಅದು ಸರಿ, ಇಂಥದ್ದು ನೋಡಿದ್ದೇನೆ. ಡಿಫ್ಯೂಷನ್ ಮಾತ್ರ ಇನ್ನೂ ಮೇಲಿನವರೆಗೆ ತೆಗೆಯುತ್ತೇವೆ. ಮೇಲೆ ಹೋದೆ. ಮೂತ್ರಪಿಂಡಗಳ ಮಟ್ಟ. ಮಹಾಧಮನಿಯ ಎಡಕ್ಕೆ ಒಂದು ಗಂಟು, ಕಡಲೆಕಾಳಿನಷ್ಟು. ಒಂದು ಚಿತ್ರದಲ್ಲಿ ಬೆಳ್ಳಗೆ, ಅದರ ಜೋಡಿ ಚಿತ್ರದಲ್ಲಿ ಕಪ್ಪಗೆ. ಹಾಗಿದ್ದರೆ ಅಲ್ಲಿ ನೀರು ನಿಂತಿದೆ. ಕಾಯಿಲೆ ಅಲ್ಲಿಯವರೆಗೆ ಹತ್ತಿರಬಹುದು. ಬರೀ ಬಾವೂ ಇರಬಹುದು. ಈ ಯಂತ್ರ ಎಲ್ಲ ಗಂಟುಗಳನ್ನೂ ಒಂದಿಷ್ಟು ಅನುಮಾನಿಸುತ್ತದೆ. ‘ಬಲವಾದ ಅನುಮಾನ’ ಎಂದು ಬರೆದೆ.

ಸಂಜೆ ಹೆಸರು ತೆರೆದೆವು. ಅಕ್ತೋತಿ.

ಪ್ರೊಫೆಸರ್ ಕಾಗದದ ಮೇಲೆ ಬೆರಳು ಓಡಿಸಿದರು. “ಪೆಟ್‌ನಲ್ಲಿ ಅಲ್ಲಿ ಏನೂ ಇಲ್ಲ. ಡಿಫ್ಯೂಷನ್‌ನಲ್ಲಿ ಇದೆ. ಹಂಗಾದ್ರೆ ಡಿಫ್ಯೂಷನ್ ತಪ್ಪು. ಬರ್ಕೋ.”

“ದೌರೆನ್ ಸಾಪಾರೊವಿಚ್, ಪೆಟ್ ಯಾಕೆ ತಪ್ಪಿರಬಾರದು?”

“ಮೂರು ಕೋಲು ಅಳೀಬೇಕಾದ್ರೆ ಒಂದನ್ನ ನೆಟ್ಟಗಿದೆ ಅಂತ ಒಪ್ಕೋಬೇಕಮ್ಮ. ನಾವು ಪೆಟ್‌ನ ಒಪ್ಕೊಂಡಿದೀವಿ. ಮೊದಲ ಪುಟದಲ್ಲಿ ನೀನೇ ಬರೆದಿದೀಯ.”

ಹೌದು, ನಾನೇ ಬರೆದದ್ದು. ಆ ಕೋಲು ಸೊಟ್ಟ ಎಂದು ಗೊತ್ತಿದ್ದವಳೂ ಈ ಭೂಮಿಯ ಮೇಲೆ ನಾನೊಬ್ಬಳೇ. ತ್ಸೋಯ್ ಬಿಟ್ಟರೆ.

ಬರ್ಕೊಂಡೆ. ಡಿಫ್ಯೂಷನ್: ತಪ್ಪು.

ಅಕ್ಟೋಬರ್ 11

ವಿಕಿರಣ ವಿಭಾಗದವರು ನಮ್ಮ ಒಟ್ಟು ವರದಿ ನೋಡಿ ಗೆರೆ ಹಾಕುತ್ತಾರೆ. ಕಿರಣ ಸೊಂಟದಲ್ಲಿ ಶುರುವಾಗಿ ಸೊಂಟದಲ್ಲೇ ನಿಲ್ಲುತ್ತದೆ. ಆ ಕಡಲೆಕಾಳು ಗೆರೆಯ ಮೇಲಿದೆ. ಅದು ಕ್ಯಾನ್ಸರೇ ಆಗಿದ್ದರೆ ಯಾರೂ ಅದನ್ನು ಮುಟ್ಟುವುದಿಲ್ಲ. ಅಲ್ಲೇ ಕೂತು ಬೆಳೆಯುತ್ತದೆ. ಕೆಳಗಿನದು ವಾಸಿಯಾಯಿತು ಎಂದು ಎಲ್ಲರೂ ಸಿಹಿ ಹಂಚುವಾಗ ಮೇಲಿನದು ಅವಳನ್ನು ಕೊಲ್ಲುತ್ತದೆ.

ಬರೆದು ನೋಡಿದರೂ ನನ್ನ ಕೈ ಫೋನಿಗೆ ಹೋಗಲಿಲ್ಲ.

ಅಕ್ಟೋಬರ್ 14

ಏನೂ ಬರೆಯುವುದಿಲ್ಲ.

ಅಕ್ಟೋಬರ್ 22, ಮಂಗಳವಾರ

ಅಕ್ತೋತಿ ಸಿಕ್ಕಳು. ನೆಲಮಾಳಿಗೆಯ ಓಣಿಯಲ್ಲಿ, ವಿಕಿರಣದ ಬಾಗಿಲ ಹೊರಗೆ. ಶೂ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ, ಮಡಿಲಲ್ಲಿ ಸೇಬಿನ ಚೀಲ. ಕಳೆದ ವಾರದಿಂದ ನಡೆಯುತ್ತಿದೆಯಂತೆ. ನನ್ನನ್ನು ಕಂಡದ್ದೇ ಸರಿದು ಜಾಗ ಮಾಡಿದಳು.

“ಬನ್ನಿ ತಂಗಿ, ಕೂತ್ಕೊಳ್ಳಿ. ಅಲ್ಲಾ, ಉರಿಯೂತಕ್ಕೆ ಇಷ್ಟು ದೊಡ್ಡ ಯಂತ್ರಾನಾ? ನಮ್ಮ ಮಕ್ಕಳಿಗೆ ಮೊಣಕಾಲು ಊದಿದ್ರೆ ಕೋಸಿನೆಲೆ ಕಟ್ತೀವಿ. ಎರಡು ದಿನಕ್ಕೆ ಕುಣೀತಾರೆ.”

“ಇದು ಸ್ವಲ್ಪ ಒಳಗಿನ ಉರಿಯೂತ ಅಕ್ಕ.”

“ಒಳಗೆ ಕೋಸಿನೆಲೆ ಕಟ್ಟಕ್ಕಾಗಲ್ಲ, ಅದೂ ಸರಿ.” ನಕ್ಕಳು. ಬಣ್ಣ ಇಳಿದಿದೆ. ಕಣ್ಣಿನ ಕೆಳಗೆ ಮಸಿ. “ವಸಂತದಲ್ಲಿ ಜಿಲ್ಲಾ ಓಟ ಇದೆ. ನನ್ನ ಹುಡುಗೀರು ಈ ಸಲ ಗೆಲ್ತಾರೆ. ಅಷ್ಟೊತ್ತಿಗೆ ನನ್ನ ಬಿಡ್ತೀರಲ್ಲ?”

“ಬಿಡ್ತೀವಿ.”

“ಮಾತು ಕೊಟ್ರಿ ನೋಡಿ.”

ಎರಡು ಸೇಬು ಕೈಗಿಟ್ಟಳು. ಮೇಲೆ ಬಂದು ಮೇಜಿನ ಮೇಲಿಟ್ಟೆ. ಕೋಣೆ ತುಂಬ ವಾಸನೆ. ತಿನ್ನಲಾಗಲಿಲ್ಲ. ಎಸೆಯಲೂ ಆಗಲಿಲ್ಲ.

ನಮ್ಮಲ್ಲಿ ಹೆಣ್ಣು ನಡೆಯಲು ಕಲಿತ ದಿನದಿಂದ ಕೇಳಿಸಿಕೊಳ್ಳುವ ಮಾತು ಒಂದೇ: ಉಯಾತ್. ನಾಚಿಕೆಗೇಡು. ಜೋರಾಗಿ ನಕ್ಕರೆ ಉಯಾತ್. ಮಂಡಿ ಕಂಡರೆ ಉಯಾತ್. ಪರೀಕ್ಷೆಯ ವ್ಯಾನು ಊರಿಗೆ ಬಂದರೆ ಅದರೊಳಗೆ ಹೋಗಿ ಕಾಲು ಅಗಲಿಸುವುದು ಉಯಾತ್, ಹೊರಗೆ ಮೈದುನನ ಗೆಳೆಯ ಯಾರು ಹೋದರು, ಯಾರು ಬಂದರು ಎಂದು ನೋಡುತ್ತ ನಿಂತಿರುತ್ತಾನೆ. ಹಾಗೇ ವರ್ಷಗಟ್ಟಲೆ ಮುಚ್ಚಿಟ್ಟುಕೊಂಡು, ರಕ್ತ ನಿಲ್ಲದಾದ ಮೇಲೆ ನಮ್ಮಲ್ಲಿಗೆ ಬರುತ್ತಾರೆ. ಆಗ ನಾವು ಅವರ ಮೈಯನ್ನು ಮೂರು ಬಗೆಯಲ್ಲಿ ಪದರ ಪದರ ಬಿಡಿಸಿ ನೋಡುತ್ತೇವೆ. ನಮಗೆ ನಾಚಿಕೆಯಿಲ್ಲ. ಹೆಸರು ಹೇಳುವುದಕ್ಕೆ ಮಾತ್ರ ನಮಗೂ ಉಯಾತ್.

ಥೂ ನನ್ನ ಓದಿಗೆ. ನಾಚಬೇಕಾದವಳು ನಾನು, ನಾಚಿಕೆ ಹೊತ್ತವಳು ಅವಳು.

ಅಕ್ಟೋಬರ್ 24, ಗುರುವಾರ

ತ್ಸೋಯ್ ಕೋಣೆಗೆ ಬಂದ. ಸೇಬು ನೋಡಿದ.

“ತಿನ್ನಲ್ವಾ?”

“ಹಸಿವಿಲ್ಲ.”

ಒಂದನ್ನು ಕೋಟಿಗೆ ಒರೆಸಿ ಕಚ್ಚಿದ. ಅಗಿಯುತ್ತಲೇ ಅಂದ: “ಆ ತೊಡೆ ಹೆಂಗಸಿನ ಚಿತ್ರ ಅಳಿಸಿಲ್ಲ ನಾನು. ನಿಮಗೆ ಬೇಕಾಗಬಹುದು ಅಂತ.”

“ಯಾಕೆ ಬೇಕಾಗುತ್ತೆ?”

“ನನ್ನ ಕೇಳಿದ್ರೆ? ನಾನು ಗುಂಡಿ ಒತ್ತೋನು. ಬರೆಯೋರು ನೀವು.”

ಹೋದ. ಬಾಗಿಲು ಹಾಕಲಿಲ್ಲ. ಅಕ್ತೋತಿಯ ಸೇಬು ಅವನ ಹೊಟ್ಟೆಯಲ್ಲಿ, ಅವನ ಮಾತು ನನ್ನ ಹೊಟ್ಟೆಯಲ್ಲಿ.

ಅಕ್ಟೋಬರ್ 28, ಸೋಮವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಮಧ್ಯಾಹ್ನ ಕ್ಯಾಂಟೀನು. ಕಾನಿಪಾ ಆಪಾ ಒಬ್ಬರೇ ಕೂತಿದ್ದರು. ಸೊಸೆಗೆ ಕೆಳಗೆ ಸಲೈನ್ ಏರಿಸುತ್ತಿದ್ದಾರಂತೆ. ನನ್ನನ್ನು ಕೈಹಿಡಿದು ಕೂರಿಸಿದರು. ಬಟ್ಟೆಯ ಗಂಟು ಬಿಚ್ಚಿದರು. ಮನೆಯ ರೊಟ್ಟಿ, ದುಂಡಗೆ, ಅಂಚು ಕೆಂಪಗೆ.

ನಾನು ಊಟ ಆಯಿತು ಅಂದೆ.

“ಆಗಿರಲಿ. ಚೂರು ಬಾಯಿಗೆ ಮುಟ್ಟಿಸು. ರೊಟ್ಟಿ ಮುಟ್ಟದೆ ಎದ್ದು ಹೋಗ್ತಾರಾ ಯಾರಾದ್ರೂ?”

ಹೋಗುವುದಿಲ್ಲ. ನಮ್ಮಲ್ಲಿ ಯಾರೂ ಹೋಗುವುದಿಲ್ಲ. ಹೊಸ್ತಿಲು ದಾಟುವ ಮೊದಲು ಚೂರು ರೊಟ್ಟಿ ಬಾಯಿಗೆ ಮುಟ್ಟಿಸಲೇಬೇಕು. ಎಷ್ಟು ಅವಸರವಿದ್ದರೂ. ಮುರಿದುಕೊಂಡೆ.

ಬಾಯಲ್ಲಿ ಆ ಚೂರಿದ್ದಾಗಲೇ ಹೊಳೆಯಿತು. ಅಗಿಯುವುದು ನಿಲ್ಲಿಸಿದೆ.

“ಆಪಾ, ಅಕ್ತೋತಿ ಅಕ್ಕನ ದೊಡ್ಡ ಪರೀಕ್ಷೆ ದಿನ... ಕೈಗೆ ಚುಚ್ಚಿ ಕತ್ತಲೆ ಕೋಣೇಲಿ ಮಲಗಿಸಿದ್ರಲ್ಲ. ಆವತ್ತೂ ರೊಟ್ಟಿ ಮುಟ್ಟಿಸಿ ಕಳಿಸಿದ್ರಾ?”

“ಮತ್ತೆ? ತಂಗಿ ಮಗಳ ಮನೇಲಿ ಇಳ್ಕೊಂಡಿದೀವಿ. ಅವಳೂ ಬೆಳಗ್ಗೇನೇ ಎದ್ದು ಹಿಟ್ಟು ಕರಿದಿದ್ಲು. ಬಿಸಿ ಬಿಸಿ ಬೌರ್ಸಾಕ್, ಮೇಲೆ ಜೇನು. ಸಿಹಿ ಚಹಾ ಎರಡು ಬಟ್ಟಲು. ಅಷ್ಟೇ.”

“ಏನೂ ತಿನ್ನಬಾರದು ಅಂತ ನರ್ಸ್ ಹೇಳಿದ್ರಲ್ಲ.”

“ತಿಂದಿಲ್ವಲ್ಲ ಮಗಳೇ. ಬಾಯಿಗೆ ಮುಟ್ಟಿಸಿದ್ದು. ತಿನ್ನೋದು ಅಂದ್ರೆ ಕೂತು, ತಟ್ಟೆ ಹಾಕಿ, ಮಾಂಸ ಹಾಕಿ ತಿನ್ನೋದು.”

ಅದಕ್ಕೇ ಅಕ್ತೋತಿ ತ್ಸೋಯ್‌ಗೆ ಇಲ್ಲ ಅಂದದ್ದು. ಸುಳ್ಳು ಹೇಳಿರಲಿಲ್ಲ.

ಆಮೇಲೆ ಆಪಾ ತಾವಾಗಿಯೇ ಮುಂದುವರಿಸಿದರು. ದನಿ ತಗ್ಗಿಸಿ. “ಅವಳು ಬೇಡ ಅಂದ್ಲು ಮೊದಲು. ನರ್ಸ್ ಬೈತಾಳೆ ಅಂದ್ಲು. ನಾನೇ, ಉರಿಯೂತಕ್ಕೆ ಯಾರಾದ್ರೂ ಉಪವಾಸ ಮಾಡ್ತಾರೇನೇ ಅಂತ ನಗಾಡಿದೆ.”

“ನಿಮಗೆ ಗೊತ್ತಿತ್ತಲ್ಲ ಆಪಾ, ಉರಿಯೂತ ಅಲ್ಲ ಅಂತ.”

“ಗೊತ್ತಿತ್ತು. ಗೊತ್ತಿದ್ದಕ್ಕೇ.” ಗಂಟು ಮತ್ತೆ ಕಟ್ಟತೊಡಗಿದರು. “ಇಷ್ಟು ವರ್ಷ ರೊಟ್ಟಿ ಮುಟ್ಟಿಸದೆ ಅವಳನ್ನ ಹೊಸ್ತಿಲು ದಾಟಿಸಿಲ್ಲ ನಾನು. ಆವತ್ತೊಂದಿನ ಬೇಡ, ಹಸಿದೇ ಹೋಗು ಅಂದಿದ್ರೆ? ಅನುಮಾನ ಪಡ್ತಿರಲಿಲ್ವಾ? ದಡ್ಡಿ ಅಲ್ಲ ನನ್ನ ಸೊಸೆ.”

ಸುಳ್ಳನ್ನು ಕಾಯುವುದಕ್ಕೆ ರೊಟ್ಟಿ ತಿನ್ನಿಸಿದರು. ರೊಟ್ಟಿ ಹೊಟ್ಟೆಗೆ ಬಿದ್ದದ್ದಕ್ಕೆ ಚುಚ್ಚಿದ ಸಕ್ಕರೆ ಮಾಂಸಖಂಡಕ್ಕೆ ಹೋಯಿತು. ಯಂತ್ರ ಕುರುಡಾಯಿತು. ಕುರುಡು ಯಂತ್ರಕ್ಕೆ ನಾನು ‘ತೃಪ್ತಿಕರ’ ಎಂದು ಸೀಲು ಹೊಡೆದೆ.

ಅವರ ಕೈಯ ರೊಟ್ಟಿ ತಿನ್ನುತ್ತ ಮುದುಕಿಯ ಮೇಲೆ ನಾನು ಏನನ್ನು ಹೊರಿಸಲಿ? ಅವರದ್ದು ಪ್ರೀತಿ, ಗೊತ್ತಿಲ್ಲದೆ ಆದದ್ದು. ನನ್ನದು ಗೊತ್ತಿದ್ದೂ ಮಾಡಿದ್ದು. ಬಾಯಲ್ಲಿದ್ದ ಚೂರನ್ನು ನುಂಗಿದೆ.

ಅಕ್ಟೋಬರ್ 29, ಮಂಗಳವಾರ. ಬೆಳಗ್ಗೆ

ಪ್ರೊಫೆಸರ್‌ಗೆ ರೊಟ್ಟಿಯ ಕತೆ ಹೇಳಿ, ಮುಂದೆ ಚಿತ್ರ ಹಾಕಿದೆ. ತೊಡೆ, ಬೆನ್ನು, ಹೃದಯ. ಒಂದೊಂದನ್ನೇ ನೋಡಿದರು. ಅವರೂ ಕಣ್ಣಿದ್ದವರೇ.

“ಯಾವಾಗ ಗೊತ್ತಾಯ್ತು?”

“ಅವತ್ತೇ.”

“ಅವತ್ತೇ.” ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಈಗ ಯಾಕೆ ತಂದೆ?”

“ಡಿಫ್ಯೂಷನ್ ತೋರಿಸಿದ ಗಂಟು ನಿಜ ಇರಬಹುದು. ಅದು ಕಿರಣದ ಗೆರೆಯಾಚೆ ಇದೆ. ಚಿಕಿತ್ಸೆ ಇನ್ನೂ ಅರ್ಧದಲ್ಲಿದೆ. ಖಾಲಿ ಹೊಟ್ಟೇಲಿ ಮತ್ತೆ ಪೆಟ್ ಮಾಡಿ, ಹೊಳೆದ್ರೆ ಗೆರೆ ಮೇಲಕ್ಕೆ ತರಬಹುದು.”

“ಒಂದನ್ನ ಅನುಮಾನಿಸಿದ್ರೆ ಹಿಂದಿನದನ್ನೆಲ್ಲ ಅನುಮಾನಿಸಬೇಕಾಗುತ್ತೆ ಕುನ್‌ಸುಲು. ಎಷ್ಟು ಜನ ಹೆಂಗಸರು ಚೂರು ರೊಟ್ಟಿ ಬಾಯಿಗೆ ಮುಟ್ಟಿಸ್ಕೊಂಡು ಬಂದಿದಾರೋ ಯಾರಿಗೆ ಗೊತ್ತು? ಆಗ ನಿನ್ನ ಹೋಲಿಕೆ ಎಲ್ಲಿ ಉಳೀತು?”

“ಉಳಿಯೋದು ಬೇಡ.”

ನಾನೇ ಅಂದೆನಾ? ಅಂದೆ.

ಬೈಯಲಿಲ್ಲ ಅವರು. ಬೈದಿದ್ದರೆ ಹಗುರಾಗುತ್ತಿದ್ದೆ. “ಮಾಡ್ಸು. ಡಿಸೆಂಬರ್ ಮರೆತುಬಿಡು. ನೀನು ಬರೆದ ಆ ‘ತೃಪ್ತಿಕರ’ದ ವಿಷಯ ನನಗೆ ಬಿಡು. ಆದ್ರೆ ಆ ಹೆಂಗಸಿಗೆ ಏನಂತ ಹೇಳ್ತೀಯ? ಉರಿಯೂತಕ್ಕೆ ಮತ್ತೆ ಅದೇ ಯಂತ್ರ ಅಂತಲಾ? ಈ ಸಲ ಅವಳು ನಿಜವಾಗ್ಲೂ ಹಸಿದು ಬರಬೇಕು.”

ನಿಜ ಹೇಳ್ತೀನಿ ಅಂದೆ.

“ಮನೆಯವರನ್ನ ಕೇಳಿದೆಯಾ?”

ಎದ್ದು ಬಂದೆ.

ಅಕ್ಟೋಬರ್ 30

ಹೇಳಲಿಲ್ಲ. ಓಣಿಯ ತುದಿಯವರೆಗೆ ಹೋಗಿದ್ದೆ. ಹುಡುಗಿಯರ ಓಟದ ವಿಡಿಯೋ ತೋರಿಸಿದಳು. ನೋಡಿದೆ. ಚೆನ್ನಾಗಿ ಓಡ್ತಾರೆ ಅಂದೆ. ವಾಪಸ್ ಬಂದೆ.

ಅಕ್ಟೋಬರ್ 31, ಗುರುವಾರ

ಹೇಳಿದೆ.

ಆಸ್ಪತ್ರೆಯ ಹಿಂದೆ, ನೀರಿನ ಕಾಲುವೆ ಪಕ್ಕದ ಬೆಂಚು. ಎಲೆ ಸುಡುವ ಹೊಗೆ. ಬೆಟ್ಟ ಕಾಣುತ್ತಿರಲಿಲ್ಲ. ಅವಳೊಬ್ಬಳನ್ನೇ ಕರೆದಿದ್ದೆ. ಅದೇ ಅವಳಿಗೆ ಸಾಕಾಯಿತು ಅನ್ನಿಸುತ್ತದೆ. ಕೂರುವ ಮೊದಲೇ ಮುಖ ಬಿಗಿದುಕೊಂಡಿತ್ತು.

ಹೆಸರು ಹೇಳಿದೆ. ಕ್ಯಾನ್ಸರ್. ಗರ್ಭಕಂಠದ ಕ್ಯಾನ್ಸರ್. ಎರಡು ಪದ. ಇಷ್ಟು ವರ್ಷದಲ್ಲಿ ಕಾಯಿಲೆ ಇರುವವಳ ಮುಖ ನೋಡಿಯೇ ಹೇಳಿದ್ದು ಇದು ಮೊದಲು.

ಕುಸಿಯಲಿಲ್ಲ. ಅತ್ತೆ, ಗಂಡ, ನಮ್ಮ ಮೇಷ್ಟರುಗಳು, ಎಲ್ಲರೂ ಕುಸಿಯುತ್ತಾಳೆ ಅಂದಿದ್ದರಲ್ಲ. ಎದ್ದು ನಿಂತಳು.

“ಅತ್ತೆಗೆ ಗೊತ್ತಾ?”

“ಗೊತ್ತು.”

“ಇವರಿಗೆ?”

“ಗೊತ್ತು.”

“ಆ ಯಂತ್ರ ಒತ್ತೋ ಮುದುಕನಿಗೆ?”

“...ಗೊತ್ತು.”

“ನನ್ನ ಹೊಟ್ಟೆ. ನನ್ನ ಮೈ. ಊರಿಗೆಲ್ಲ ಗೊತ್ತು, ನನಗೆ ಬಿಟ್ಟು. ನಾನೇನು ಕುರಿನಾ? ಕತ್ತರಿಸೋ ದಿನದವರೆಗೆ ಸವರ್ತಾ ಇರೋಕೆ?”

ತಪ್ಪಾಯಿತು ಅಂದೆ.

“ಯಾವುದು?”

ಅದನ್ನೂ ಹೇಳಿದೆ. ರೊಟ್ಟಿ, ತೊಡೆ, ‘ತೃಪ್ತಿಕರ’. ಮೇಲಿನ ಗಂಟು. ನನ್ನ ಪ್ರಬಂಧ. ಏನೂ ಮುಚ್ಚಿಡಲಿಲ್ಲ. ಮಾತಾಡುತ್ತ ಹೋದಂತೆ ನನ್ನ ದನಿ ನನಗೇ ಹೇಸಿಗೆಯಾಯಿತು. ತಪ್ಪೊಪ್ಪಿಗೆಯಲ್ಲೂ ಎಷ್ಟು ಅಚ್ಚುಕಟ್ಟು.

ಕಾಲುವೆಯ ಕಡೆ ತಿರುಗಿದಳು. “ಹೇಳಿದ್ರೆ ನಾನು ಎಂಜಲೂ ನುಂಗ್ತಿರಲಿಲ್ಲ,” ಅಂದಳು. “ಓಟದ ಹಿಂದಿನ ದಿನ ಏನು ತಿನ್ನಬೇಕು, ಏನು ತಿನ್ನಬಾರದು ಅಂತ ಹನ್ನೆರಡು ವರ್ಷದ ಹುಡುಗೀಗೂ ಕಾರಣ ಹೇಳ್ತೀನಿ ನಾನು. ಹೇಳಿದ್ರೆ ಪಾಲಿಸ್ತಾಳೆ. ನೀವು ನನ್ನನ್ನ ಅಷ್ಟೂ ಲೆಕ್ಕಕ್ಕೆ ಇಟ್ಕೊಂಡಿಲ್ಲ.”

ಮತ್ತೆ ಪರೀಕ್ಷೆ ಮಾಡೋಣ ಅಂದೆ.

“ಹೋಗಿ ನೀವು.”

ತಂಗಿ ಅನ್ನಲಿಲ್ಲ. ಹೋಗಿ ನೀವು, ಅಷ್ಟೇ.

ನವೆಂಬರ್ 1, ಶುಕ್ರವಾರ

ಇವತ್ತಿನ ವಿಕಿರಣಕ್ಕೆ ಅಕ್ತೋತಿ ಬಂದಿಲ್ಲ.

ಗಂಡ ಫೋನ್ ಮಾಡಿದ. ಕೂಗಾಡಿದ. “ಯಾರು ನಿಮ್ಮನ್ನ ಕೇಳಿದ್ದು? ರಾತ್ರಿಯಿಂದ ಯಾರ ಜೊತೆನೂ ಮಾತಾಡ್ತಿಲ್ಲ ಅವಳು. ಅಮ್ಮ ಅಳ್ತಾ ಕೂತಿದಾರೆ. ಇದೇ ಬೇಕಿತ್ತಾ ನಿಮಗೆ?”

“ಅಕ್ಕ ಎಲ್ಲಿದಾರೆ?”

“ಗೊತ್ತಿಲ್ಲ. ಬೆಳಗ್ಗೇನೇ ಹೊರಗೆ ಹೋದಳು.”

ಕೊಂದೆನಾ? ಚಿಕಿತ್ಸೆ ಬಿಟ್ಟು ಹೋದರೆ? ಹೇಳದೆ ಕೊಲ್ಲುತ್ತಿದ್ದೆ, ಹೇಳಿ ಕೊಂದೆ. ಮೂರು ಸಲ ಕೆಳಗಿಳಿದು ಬೆಂಚು ನೋಡಿ ಬಂದೆ. ತ್ಸೋಯ್ ಸುಮ್ಮನೆ ಒಂದು ಲೋಟ ಚಹಾ ತಂದಿಟ್ಟು ಹೋದ.

ನವೆಂಬರ್ 4, ಸೋಮವಾರ

ಬಂದಳು. ಮುಂದಿನ ಗೇಟಿನಿಂದ.

ಕಿಟಕಿಯಿಂದ ನೋಡಿದೆ. ಫಲಕದ ಕೆಳಗೆ ನಿಂತು, ಕತ್ತೆತ್ತಿ, ಅಕ್ಷರ ಅಕ್ಷರ ಓದಿದಳು. ಪಕ್ಕದಲ್ಲಿ ಅತ್ತೆ. ಆಪಾ ಅವಳ ತೋಳು ಎಳೆಯುತ್ತಿದ್ದರು. ಅವಳು ಅಲುಗಲಿಲ್ಲ.

ಓದಿ ಮುಗಿಸಿ ನೇರ ನನ್ನ ಕೋಣೆಗೆ.

“ಶುಕ್ರವಾರ ಬಸ್ಸು ಹತ್ತಿ ಊರಿಗೆ ಹೋಗಿದ್ದೆ. ಮನೇಲಿ ಮಕ್ಕಳಿಗೆ ಹೇಳಿ ಬಂದೆ. ಶಾಲೇಲೂ ಹೇಳಿದೆ. ಹೆಸರಿಟ್ಟೇ ಹೇಳಿದೆ. ಹೆಡ್‌ಮಾಸ್ಟ್ರು ಕಿಟಕಿ ಹೊರಗೆ ನೋಡಿದ್ರು. ಅಡುಗೆ ಮಾಡೋ ಇಬ್ಬರು ಹೆಂಗಸರು ಹಿಂದೆ ಬಂದು, ನಮಗೂ ಆ ಪರೀಕ್ಷೆ ಮಾಡಿಸ್ತೀಯಾ ಅಂದ್ರು.” ಕುರ್ಚಿ ಎಳೆದು ಕೂತಳು. “ಯಾವಾಗ ನಿಮ್ಮ ಯಂತ್ರ?”

“ನಾಡಿದ್ದು ಬೆಳಗ್ಗೆ. ಹಿಂದಿನ ರಾತ್ರಿಯಿಂದ—”

“ಗೊತ್ತು. ಒಂದು ಷರತ್ತು. ಏನು ಕಂಡ್ರೂ ಮೊದಲು ನನಗೇ ಹೇಳ್ಬೇಕು. ಅತ್ತೆಗಲ್ಲ, ಇವರಿಗಲ್ಲ. ನನಗೆ.”

ಕ್ಷಮಿಸಿದಳು ಎಂದು ಬರೆಯಲಾರೆ. ಹಾಗೇನೂ ಅನ್ನಲಿಲ್ಲ. ನನಗೆ ಕೇಳುವ ಮುಖವೂ ಇಲ್ಲ.

ನವೆಂಬರ್ 6, ಬುಧವಾರ. ಹತ್ತೂವರೆ

ಯಂತ್ರದ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕೈಗೆ ಕೆಲಸ ಬೇಕು.

ಬೆಳಗ್ಗೆ ಹೊಸ್ತಿಲಲ್ಲಿ ಕಾನಿಪಾ ಆಪಾ ರೊಟ್ಟಿ ಹಿಡಿದು ನಿಂತಿದ್ದರಂತೆ, ಅಭ್ಯಾಸಬಲ. ಅಕ್ತೋತಿ ತೆಗೆದುಕೊಂಡು, ಮುರಿಯದೆ, ಬಟ್ಟೆಯಲ್ಲಿ ಸುತ್ತಿ ಅತ್ತೆಯ ಕೈಗೇ ಕೊಟ್ಟಳಂತೆ. “ಹೊರಗೆ ಬಂದ ಮೇಲೆ ಮುಟ್ಟಿಸ್ಕೋತೀನಿ. ಹಿಡ್ಕೊಂಡಿರಿ.” ಮುದುಕಿ ಹೊರಗೆ ಬೆಂಚಿನಲ್ಲಿ ಗಂಟು ಮಡಿಲಲ್ಲಿಟ್ಟು ಕೂತಿದ್ದಾರೆ. ಬಾಗಿಲ ಗಾಜಿನಲ್ಲಿ ಕಾಣುತ್ತಿದೆ.

ತ್ಸೋಯ್ ಗುಂಡಿ ಒತ್ತಿದ. ತೊಡೆಗಳು ಬಂದವು. ಕತ್ತಲು. ಎರಡೂ ಕತ್ತಲು. ಬೆನ್ನು ಕತ್ತಲು. “ಹೀಗಿರಬೇಕು,” ಅಂದ, ತನ್ನಷ್ಟಕ್ಕೆ.

ಮೂತ್ರಕೋಶ. ಅದರ ಹಿಂದೆ ಗಡ್ಡೆ. ಕುಗ್ಗಿದೆ. ಅಂಚಿನಲ್ಲಿ ಮಾತ್ರ ಹೊಳಪು. ವಿಕಿರಣ ಕಚ್ಚುತ್ತಿದೆ.

ಮೇಲೆ.

ಮೂತ್ರಪಿಂಡಗಳ ಮಟ್ಟ. ಮಹಾಧಮನಿಯ ಎಡಕ್ಕೆ...

ಇದೆ. ಹೊಳೆಯುತ್ತಿದೆ. ಡಿಫ್ಯೂಷನ್ ತೋರಿಸಿದ ಅದೇ ಜಾಗ. ಅದು ಸರಿಯಾಗಿತ್ತು. ತಪ್ಪಿದ್ದದ್ದು ನಾನು.

ಅದರಾಚೆ ಎಲ್ಲೂ ಇಲ್ಲ. ಶ್ವಾಸಕೋಶ ಶುದ್ಧ, ಕತ್ತು ಶುದ್ಧ. ವಿಕಿರಣದವರಿಗೆ ಫೋನ್ ಮಾಡಿದೆ: ಗೆರೆ ಮೇಲಕ್ಕೆ ತರಬಹುದು, ತಡವಾಗಿದೆ, ಆದರೂ ತರಬಹುದು ಅಂದರು. ತಡ ಎಂಬ ಪದದ ಪೂರ್ತಿ ಭಾರ ನನ್ನದು. ಹೊತ್ತುಕೊಂಡೇ ಇರುತ್ತೇನೆ.

ಬಟ್ಟೆ ಹಾಕಿಕೊಂಡು ಬೆಂಚಿಗೆ ಬಂದಳು. ರೊಟ್ಟಿ ಇನ್ನೂ ಮುಟ್ಟಿಲ್ಲ. ನನಗೇ ಕಾಯುತ್ತಿದ್ದಾಳೆ. ನಾನು ತಲೆ ಎತ್ತಿದ್ದು ಗಾಜಿನಲ್ಲಿ ಕಂಡು ಕಾನಿಪಾ ಆಪಾ ಮೊದಲು ಎದ್ದರು. ಯಾವಾಗಲೂ ಅತ್ತೆಯೇ ಮೊದಲು ಏಳುವುದು. ಅಕ್ತೋತಿ ಅವರ ಮೊಣಕೈ ಹಿಡಿದು ಕೂರಿಸಿ, ತಾನು ಎದ್ದು ನಿಂತಳು.

ಹೋಗಬೇಕು. ನಾಲಿಗೆ ಹಳೇ ದಾರಿ ಹಿಡಿಯಬಾರದು. ಮೊದಲ ವಾಕ್ಯ ಇಲ್ಲಿ ಬರೆದುಕೊಂಡೇ ಹೋಗುತ್ತೇನೆ:

ಅಕ್ತೋತಿ ಅಕ್ಕ, ನಿಮ್ಮ ಕ್ಯಾನ್ಸರ್ ಮೇಲಿನ ಗಂಟಿಗೂ ಹತ್ತಿದೆ.